ಹಿಮ್ಮಡಿಯ ಮುಳ್ಳು

ಬೆಳಗಿನಲ್ಲಿ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆಯನ್ನಿಟ್ಟೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವುದು. ನಾಲ್ಕಾರು ಹೆಜ್ಜೆ ನಡೆದ ಮೇಲೆ ನೋವು ಇಳಿಯುವುದು. ಬಹಳ ಹೊತ್ತು ಕುಳಿತು ಎದ್ದರೆ ಮರಳಿ ಬರುವುದು. ನಡುವಯಸ್ಸಿನವರಲ್ಲಿಯೂ, ನಿಂತು ಕೆಲಸಮಾಡುವವರಲ್ಲಿಯೂ, ಮೈಭಾರ ಹೆಚ್ಚಿದವರಲ್ಲಿಯೂ ಈ ಬಾಧೆ ಸಾಮಾನ್ಯ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಪಾದವನ್ನು ವಿಷಮವಾಗಿ ಊರುವುದರಿಂದ ಹುಟ್ಟುವ ನೋವಿಗೆ ‘ವಾತಕಂಟಕ’ವೆಂದು ಹೆಸರಿದೆ. ಕಂಟಕವೆಂದರೆ ಮುಳ್ಳಷ್ಟೆ.

1895ರಲ್ಲಿ ರಾಂಟ್‌ಜೆನ್ ಪಂಡಿತನು ಕ್ಷ-ಕಿರಣವನ್ನು ಕಂಡುಹಿಡಿದ ತರುವಾಯ, ಕೆಲವರ ಹಿಮ್ಮಡಿಯ ಎಲುಬಿನಡಿಯಲ್ಲಿ ಕೊಕ್ಕಿನಂತೆ ಚಾಚಿದ ಒಂದು ಮೊನೆಯು ಚಿತ್ರದಲ್ಲಿ ಕಾಣಿಸಿತು. ನೋಡಿದವರು, ‘ಚುಚ್ಚುತ್ತಿರುವ ಮುಳ್ಳು ಇದೇ’ ಎಂದು ನಂಬಿದರು. ಇಂದಿಗೂ ಆ ಚಿತ್ರವನ್ನು ಕಂಡು ಎದೆಗುಂದುವವರುಂಟು. ಅದನ್ನು ಕತ್ತರಿಸಿ ತೆಗೆಯಿಸಬೇಕೆಂದು ಆತುರಪಡುವವರೂ ಉಂಟು.

ನ್ಯಾಯಶಾಸ್ತ್ರದ ಅನ್ವಯ-ವ್ಯತಿರೇಕಗಳಿಂದ ಇದನ್ನು ಪರೀಕ್ಷಿಸೋಣ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವಿರಬಾರದು. ಆದರೆ ಮೊನೆಯಿದ್ದೂ ನೋವಿಲ್ಲದವರು ಅನೇಕರು. ನೋವಿದ್ದೂ ಮೊನೆಯಿಲ್ಲದವರೂ ಅನೇಕರು. ಆದುದರಿಂದ ಮೊನೆಯೇ ನೋವಿನ ಕಾರಣವೆಂಬ ನಿರ್ಣಯವು ಸಾಧುವಲ್ಲ.

ನಿಜವಾದ ಕಾರಣವು ಬೇರೆ. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ಪಟ್ಟಿಯಿದೆ. ಬಿಲ್ಲಿಗೆ ಹೆದೆಯಿರುವಂತೆ ಪಾದದ ಕಮಾನನ್ನು ಅದು ಬಿಗಿದು ಹಿಡಿದಿರುವುದು. ಮಿತಿಮೀರಿದ ಭಾರದಿಂದ ಅದು ಹಿಮ್ಮಡಿಗೆ ಅಂಟಿರುವ ಎಡೆಯಲ್ಲಿ ಸವೆದು ನೋಯುವುದು. ರಾತ್ರಿಯೆಲ್ಲ ಸಡಿಲವಾಗಿದ್ದು ಬಿಗಿತುಕೊಂಡ ಆ ಪಟ್ಟಿಯು ಮೊದಲ ಹೆಜ್ಜೆಗೆ ಥಟ್ಟನೆ ಎಳೆಯಲ್ಪಡುವುದರಿಂದಲೇ ಬೆಳಗಿನ ವೇದನೆ.

ಪರಿಹಾರವೂ ಇಲ್ಲಿಂದಲೇ ತಿಳಿಯುವುದು. ನೆಲಕ್ಕೆ ಕಾಲಿಡುವ ಮುನ್ನ ಹಾಸಿಗೆಯ ಮೇಲೆಯೇ ಕುಳಿತು, ನೋಯುವ ಕಾಲನ್ನು ಮತ್ತೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿರತಕ್ಕದ್ದು. ಹೀಗೆ ಹತ್ತು ಸಲ, ದಿನಕ್ಕೆ ಮೂರಾವರ್ತಿ. ಬರಿಗಾಲಿನಲ್ಲಿ ಕಲ್ಲುನೆಲದ ಮೇಲೆ ಬಹುಹೊತ್ತು ನಿಲ್ಲಬಾರದು. ಅಡಿಗೆಮನೆಗೆ ಪಾದರಕ್ಷೆ ಸಲ್ಲದೆಂಬ ಮನೆಗಳಲ್ಲಿ, ಮನೆಯೊಳಗಿಗೇ ಮೀಸಲಾದ ಮೆತ್ತನೆಯ ಚಪ್ಪಲಿಯನ್ನಾಗಲಿ, ನಿಲ್ಲುವೆಡೆಗೆ ದಪ್ಪನಾದ ಚಾಪೆಯನ್ನಾಗಲಿ ಇಟ್ಟುಕೊಂಡರೆ ಮಡಿಗೂ ಭಂಗವಿಲ್ಲ, ಕಾಲಿಗೂ ಸುಖ.

ಬಹುಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುವುದು. ಆದರೆ ತಿಂಗಳುಗಳು ಹಿಡಿದಾವು, ಒಮ್ಮೊಮ್ಮೆ ವರುಷವೂ ಆದೀತು. ವಾರದಲ್ಲಿ ಫಲ ಕಾಣಲಿಲ್ಲವೆಂದು ಅಭ್ಯಾಸವನ್ನು ಬಿಡಬಾರದು. ಬಾವು, ಜ್ವರ, ಮರಗಟ್ಟುವಿಕೆ, ಮಲಗಿದ್ದಾಗಲೂ ಬಿಡದ ನೋವು, ಬಿದ್ದ ಪೆಟ್ಟು, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಧುಮೇಹವಿರುವವರು ಸ್ಪರ್ಶ ತಿಳಿಯದ ಕಾಲಿಗೆ ಬಿಸಿಶಾಖ ಕೊಡಲೇಬಾರದು.

ನಮ್ಮ ಮನೆಗಳಲ್ಲಿ ಈ ನೋವನ್ನು ಬಾಯಿಬಿಡದೆ ಸಹಿಸುವವರು ಹೆಚ್ಚಾಗಿ ಗೃಹಿಣಿಯರು. ಬೆಳಗ್ಗೆ ಗೋಡೆ ಹಿಡಿದು ನಡೆಯುವವರು ಮನೆಯಲ್ಲಿದ್ದರೆ, ಯಜಮಾನರು ಕಾರಣವನ್ನು ತಾವಾಗಿಯೇ ವಿಚಾರಿಸಲಿ.