ಕಂಬಂ ಕಣಿವೆಯ ದೇವರ ಆವು

ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಎಂದರೆ ತಮಿಳುನಾಡಿನವರಿಗೆ ಮೊದಲು ನೆನಪಾಗುವುದು ತರಕಾರಿ ಮಾರುಕಟ್ಟೆ. ನುಗ್ಗೆ, ಟೊಮೆಟೊ, ಬೆಂಡೆ ಎಲ್ಲವೂ ಇಲ್ಲಿಂದ ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತವೆ. ಊರಿಗೆ ದನದ ಸಂತೆಯೂ ಉಂಟು. ದಕ್ಷಿಣದ ಯಾವ ದನದ ಸಂತೆಗೆ ಹೋದರೂ ಕಾಣುವುದು ಒಂದೇ ಲೆಕ್ಕಾಚಾರ: ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈಮೇಲಿನ ಸುಳಿ ಹುಡುಕುವುದು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು. ಹಾಲು ಬತ್ತಿದ್ದಕ್ಕೆ ಒಂದು ಬೆಲೆ, ಗಬ್ಬದ ಹಸುವಿಗೆ ಇನ್ನೊಂದು.

ಕೊಡೈಕನಾಲ್ ಬೆಟ್ಟಗಳ ಆಚೆ ಬದಿಗೆ, ತೇನಿ ದಾಟಿ ಕಂಬಂ ಪಟ್ಟಣಕ್ಕೆ ಬಂದರೆ, ಈ ಲೆಕ್ಕಕ್ಕೆ ಸಿಗದ ಒಂದು ಹಿಂಡು ಇದೆ. ಅದನ್ನು ತಲೆಮಾರುಗಳಿಂದ ಸಾಕುತ್ತ ಬಂದವರು ಮನೆಯಲ್ಲಿ ಕನ್ನಡ ಮಾತಾಡುವವರು.

ಅವರು ಕಾಪ್ಪಿಲಿಯರು, ಒಕ್ಕಲಿಗ ಗೌಡರು ಎಂದೂ ಹೇಳಿಕೊಳ್ಳುತ್ತಾರೆ. ತುಂಗಭದ್ರೆಯ ದಡದಿಂದ ದನಕರು ಹೊಡೆದುಕೊಂಡು ದಕ್ಷಿಣಕ್ಕೆ ಬಂದೆವು ಎಂಬುದು ಅವರಲ್ಲಿ ಉಳಿದಿರುವ ಕಥೆ. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಕಂಬಂನಲ್ಲಿರುವ ಅವರ ದೊಡ್ಡಿಯನ್ನು ತಮಿಳಿನಲ್ಲಿ ‘ತಂಬಿರಾನ್ ಮಾಟ್ಟು ತೊಳು’ ಎನ್ನುತ್ತಾರೆ. ನಂದಗೋಪಾಲಸ್ವಾಮಿಯ ಹೆಸರಿನ ಈ ಜಾಗದಲ್ಲಿ ಕೈಮುಗಿಯುವುದು ಕಲ್ಲಿನ ವಿಗ್ರಹಕ್ಕಲ್ಲ, ಎದುರಿಗೆ ನಿಂತ ದನಗಳಿಗೆ.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ‘ಕ್ಯಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ’ದಲ್ಲಿ ಈ ಹಿಂಡಿನ ವಿವರವಿದೆ. ಹಿಂಡಿಗೆ ‘ದೇವರ ಆವು’ ಎಂಬ ಕನ್ನಡದ ಹೆಸರೇ ಅಲ್ಲಿ ದಾಖಲಾಗಿದೆ. ಹಸುಗಳ ಹಾಲು ಕರೆಯುವುದಿಲ್ಲ. ಅದು ಕರುವಿನ ಪಾಲು. ದನ ಸತ್ತರೆ ಚರ್ಮ ಸುಲಿಯಲು ಕೊಡದೆ ಆಳವಾಗಿ ಗುಂಡಿ ತೋಡಿ ಹೂಳುತ್ತಾರೆ. ಹಿಂಡಿಗೆ ಒಬ್ಬ ಅರಸನಿದ್ದಾನೆ, ‘ಪಟ್ಟದ ಆವು’ ಎಂಬ ಹೋರಿ.

ಆ ಹೋರಿಯನ್ನು ಆರಿಸುವವರು ಮನುಷ್ಯರಲ್ಲ. ಹಳೆಯ ಹೋರಿ ಸತ್ತ ಮೇಲೆ ಒಳ್ಳೆಯ ದಿನ ನೋಡಿ ಇಡೀ ಹಿಂಡನ್ನು ಒಂದೆಡೆ ಸೇರಿಸುತ್ತಾರೆ. ಕರ್ಪೂರ ಹಚ್ಚುತ್ತಾರೆ, ಬಾಳೆಹಣ್ಣು, ವೀಳ್ಯದೆಲೆ ಇಡುತ್ತಾರೆ. ಮುಂದೆ ಒಂದು ಹೊರೆ ಕಬ್ಬು ಹಾಕಿ ಕಾಯುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಅರಿಸಿನ ಕುಂಕುಮ ಬಳಿದು, ಹೂವಿನ ಹಾರ ಹಾಕಿದರೆ ಅಂದಿನಿಂದ ಅದೇ ನಂದಗೋಪಾಲ. ಇಂದಿಗೂ ಮಾಟ್ಟು ಪೊಂಗಲ್ ದಿನ ಕಣಿವೆಯ ಹಳ್ಳಿಗಳಿಂದ ಜನ ಸಾಲುಗಟ್ಟಿ ಈ ದೊಡ್ಡಿಗೆ ಬರುತ್ತಾರೆ. ಹರಕೆ ಹೊತ್ತವರು ಕರು ತಂದು ಬಿಡುತ್ತಾರೆ.

ಇದು ಭಕ್ತಿಯ ಮಾತಾಯಿತು. ಆದರೆ ಭಕ್ತಿಯೊಂದರಿಂದಲೇ ಯಾವ ಹಿಂಡೂ ನೂರಾರು ವರ್ಷ ಬದುಕುವುದಿಲ್ಲ. ದಿನಾ ಮೇವು ಹಾಕುವವರು ಯಾರು, ಮೇಯುವುದು ಎಲ್ಲಿ, ಕಾಯಿಲೆ ಬಿದ್ದರೆ ನೋಡುವವರು ಯಾರು, ಸತ್ತರೆ ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಕಟ್ಟಳೆಯಲ್ಲೇ ಉತ್ತರ ಇಟ್ಟುಕೊಂಡಿದ್ದರಿಂದ ದೇವರ ಆವು ಉಳಿಯಿತು.

ಕರ್ನಾಟಕದಲ್ಲೂ ಇಂಥ ಏರ್ಪಾಡು ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರು ಸಾಕುವ ‘ದೇವರ ಎತ್ತು’ಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಅವುಗಳ ಜತೆ ಕಾವಲಿನಲ್ಲಿ ಅಲೆಯುವುದಕ್ಕೆಂದೇ ಕಿಲಾರಿಗಳಿದ್ದಾರೆ. ಸತ್ತ ಎತ್ತಿಗೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾತ್ರ ಕಿಲಾರಿಗಳ ಗೋಳು ಹೇಳತೀರದು. ಹುಲ್ಲಿಲ್ಲದೆ ಎತ್ತುಗಳು ಸೊರಗುತ್ತವೆ. ಗೋಶಾಲೆ ತೆರೆಯಿರಿ, ಮೇವು ಕೊಡಿ ಎಂಬ ಮನವಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಂಬಂ ಕಣಿವೆಯಲ್ಲಿ ಮೇವಿನ ಕಥೆ ಬೇರೆ ದಾರಿ ಹಿಡಿಯಿತು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟ ಕೊರೆದು ಈಚೆಗೆ ಹರಿಯಿತು. ಬಯಲು ಭತ್ತದ ಗದ್ದೆಯಾಯಿತು. ಮುಂದೆ ಬಾಳೆ, ತೆಂಗು, ದ್ರಾಕ್ಷಿ ಬಂದವು. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ರೈತ ಗೆದ್ದ, ಗೋಮಾಳ ಸೋತಿತು. ‘ಮಲೈ ಮಾಡು’ ಎಂಬ ಸ್ಥಳೀಯ ತಳಿಯ ಹಿಂಡುಗಳಿಗೆ ಪಶ್ಚಿಮ ಘಟ್ಟದ ಕಾಡೇ ಆಸರೆಯಾಯಿತು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳು ಆದೇಶ ತಿದ್ದಿ, ನಿಷೇಧವನ್ನು ಹುಲಿ ಸಂರಕ್ಷಿತ ಪ್ರದೇಶ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಕಾಡುಪ್ರಾಣಿಗೆ ರೋಗ ಹರಡಬಾರದು, ಅದರ ಮೇವು ಕಸಿಯಬಾರದು ಎಂಬ ವಾದದಲ್ಲಿ ಹುರುಳಿದೆ. ಬಯಲಲ್ಲಿ ಜಾಗವಿಲ್ಲ, ಬೆಟ್ಟಕ್ಕೆ ಬಿಡುವುದಿಲ್ಲ, ಇನ್ನೆಲ್ಲಿಗೆ ಹೋಗೋಣ ಎಂಬ ದನಗಾಹಿಯ ಪ್ರಶ್ನೆಯೂ ಸುಳ್ಳಲ್ಲ.

ಇದೇ ಕಣಿವೆಯ ಇನ್ನೊಂದು ಪ್ರಾಣಿ ಊರಿನ ಹೆಸರನ್ನೇ ಹೊತ್ತಿದೆ. ಉತ್ತಮಪಾಳೆಯಂ ಬಳಿಯ ಕೊಂಬೈ, ಕಾಪ್ಪಿಲಿಯ ಜಮೀನ್ದಾರರ ಊರು. ಕೊಂಬೈ ನಾಯಿ ಅಲ್ಲಿಯದು. ಕೆಂಗಂದು ಮೈ, ಕಪ್ಪು ಮೂತಿ, ಗಟ್ಟಿ ದವಡೆ. ಮನೆಯವರೊಡನೆ ಮಗುವಿನಂತಿದ್ದರೂ ಹೊರಗಿನವರನ್ನು ಸುಲಭಕ್ಕೆ ನಂಬದು. ತೋಟ, ದನದ ಕೊಟ್ಟಿಗೆ ಕಾಯುವುದು, ಕಾಡುಹಂದಿ ಬೇಟೆಗೆ ಹೋಗುವುದು ಅದರ ಹಳೆಯ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ನಿಂತಿತು. ವಿದೇಶಿ ತಳಿಗಳ ಗೀಳು ಬೆಳೆಯಿತು. ಶುದ್ಧ ಕೊಂಬೈ ವಿರಳವಾಯಿತು.

2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕಿ ಬಾತ್’ನಲ್ಲಿ ನಮ್ಮ ಮುಧೋಳ ನಾಯಿಯ ಜತೆಗೆ ಕೊಂಬೈಯನ್ನೂ ಹೆಸರಿಸಿದರು. ಆದರೆ ಎರಡರ ಹಣೆಬರಹ ಒಂದೇ ಆಗಲಿಲ್ಲ. ಮುಧೋಳಕ್ಕೆ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, 2005ರಲ್ಲೇ ಅಂಚೆಚೀಟಿ ಬಂದಿದೆ, ಸೇನೆಯೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿದೆ. ಕೊಂಬೈಗೆ ಹೆಚ್ಚಾಗಿ ದಕ್ಕಿದ್ದು ಹುರಿಮೀಸೆಯ ಕಥೆಗಳು, ಅದರ ಹೆಸರಿನಲ್ಲಿ ಕಂದು ಬಣ್ಣದ ಯಾವುದೋ ಮರಿ ಮಾರುವ ದಲ್ಲಾಳಿಗಳು.

ಹೆಸರು ಕೇಳಿ ಕೊಂಬೈ ಮರಿ ತರಲು ಹೊರಡುವವರು ತಿಳಿದಿರಬೇಕಾದ್ದಿಷ್ಟು. ಇದು ದಿನವಿಡೀ ಓಡಾಡಿ ಬೆಳೆದ ತಳಿ. ಎರಡು ಕೋಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸರಪಳಿ ಹಾಕಿ ಕಟ್ಟಿದರೆ ಸಿಟ್ಟಿನ ನಾಯಿಯಾಗುತ್ತದೆ. ಎಳವೆಯಲ್ಲೇ ನಾಲ್ಕು ಜನರ, ಬೇರೆ ನಾಯಿಗಳ ಒಡನಾಟ ಬೇಕು. ಆರರಿಂದ ಎಂಟನೇ ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಆರಂಭ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ.

ದನದ ವಿಷಯದಲ್ಲಿ ಪ್ರೀತಿಯೇ ಕೆಲವೊಮ್ಮೆ ಕುತ್ತು ತರುತ್ತದೆ. ಹಬ್ಬದ ದಿನ ಬಂದವರೆಲ್ಲ ಒಂದೊಂದು ಹಿಡಿ ಸಿಹಿ ಪೊಂಗಲ್, ಬೆಲ್ಲ, ಅಕ್ಕಿ ತಿನ್ನಿಸಿದರೆ ಏನಾಗುತ್ತದೆ? ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಗ್ಗಿರುವುದು ನಾರಿಗೆ. ಪಿಷ್ಟ, ಸಕ್ಕರೆ ಒಮ್ಮೆಲೇ ಬಂದು ಬಿದ್ದರೆ ಅವು ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚು ಉಂಟುಮಾಡುತ್ತವೆ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿ ಹಿಡಿಯುತ್ತದೆ. ತಡವಾದರೆ ದನ ಮೇಲೇಳುವುದಿಲ್ಲ. ಜತೆಗೆ ಬಾಳೆಹಣ್ಣು ತಂದ ಪ್ಲಾಸ್ಟಿಕ್ ಚೀಲವೂ ಒಳಗೆ ಹೋದರೆ ಅದು ಹೊರಬರುವುದು ಆಪರೇಷನ್ ಮಾಡಿದಾಗಲೇ.

ಆದ್ದರಿಂದ ಕಂಬಂನ ತೊಳುವಿಗೆ ಹೋಗಲಿ, ಚಳ್ಳಕೆರೆಯ ಹಟ್ಟಿಗೆ ಹೋಗಲಿ, ನಿಮ್ಮ ಊರಿನ ಗೋಶಾಲೆಗೇ ಹೋಗಲಿ, ಕೈಯಲ್ಲಿ ಒಂದು ಹೊರೆ ಹಸಿಹುಲ್ಲೋ ಜೋಳದ ಸೊಪ್ಪೆಯೋ ಇರಲಿ. ಅದನ್ನು ನೇರವಾಗಿ ಬಾಯಿಗಿಡದೆ ಅಲ್ಲಿ ನೋಡಿಕೊಳ್ಳುವವರ ಕೈಗೆ ಕೊಡಿ. ಮನೆಯಲ್ಲಿ ದನವಿದ್ದರೆ ಕಾಲುಬಾಯಿ ಜ್ವರದ ಉಚಿತ ಲಸಿಕೆ ತಪ್ಪಿಸಬೇಡಿ. ತುರ್ತು ಬಂದರೆ ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ ಒಂದೇ: 1962.