ಹಳೆಯ ಕಾರು ಬಿಸಿಯಾಗುತ್ತಿದೆಯೇ? ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವ ಮುನ್ನ ಇದನ್ನು ತಿಳಿಯಿರಿ

ಪುಣೆ: ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ ಆಸುಪಾಸಿನ ಬಿಸಿಲು. ಸಿಂಹಗಡ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಹಳೆಯ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರುತ್ತಿದ್ದರೆ ಮಾಲೀಕರ ಎದೆ ಢವಗುಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೆ, ಸಿಲಿಂಡರ್ ಹೆಡ್ ಸೊಟ್ಟಗಾದರೆ ಬಿಡಿಭಾಗ ಹುಡುಕುವುದೇ ದೊಡ್ಡ ತಲೆನೋವು. ಆಗ ಸಿಗುವ ಸಾಮಾನ್ಯ ಸಲಹೆ, 'ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಬಿಡಿ'. ಆದರೆ ಎಲ್ಲ ಕಾರಿಗೂ ಅದೇ ಮದ್ದಲ್ಲ.

ಅಂಬಾಸಿಡರ್, ಪದ್ಮಿನಿಯಂಥ ಕಾರುಗಳಲ್ಲಿ ಫ್ಯಾನ್ ಬೆಲ್ಟ್‌ನಿಂದ ನೇರವಾಗಿ ತಿರುಗುತ್ತದೆ. ಮರ್ಸಿಡಿಸ್ ಡಬ್ಲ್ಯು123ರಂಥವುಗಳಲ್ಲಿ ನಡುವೆ ವಿಸ್ಕಸ್ ಕ್ಲಚ್ ಇರುತ್ತದೆ. ಅದರೊಳಗೆ ಸಿಲಿಕೋನ್ ಎಣ್ಣೆ, ಮುಂದೆ ಬೈಮೆಟಲ್ ಸ್ಪ್ರಿಂಗ್. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಸ್ಪ್ರಿಂಗ್ ಕವಾಟ ತೆರೆಯುತ್ತದೆ, ಎಣ್ಣೆ ಹರಿದು ಕ್ಲಚ್ ಬಿಗಿಯಾಗುತ್ತದೆ, ಫ್ಯಾನ್ ಜೋರಾಗುತ್ತದೆ. ತಂಪಾದಾಗ ಫ್ಯಾನ್ ಸಡಿಲವಾಗಿ ಸುತ್ತುತ್ತದೆ, ಇಂಧನವೂ ಸ್ವಲ್ಪ ಉಳಿಯುತ್ತದೆ.

ಎರಡು ದಾರಿ, ಎರಡು ಉತ್ತರ

ಪುಣೆಯಿಂದ ಸತಾರಾ, ಕೊಲ್ಲಾಪುರ ಮಾರ್ಗವಾಗಿ ಬೆಳಗಾವಿಗೆ ಹೊರಟರೆ ಖಂಬಾಟ್ಕಿ ಘಾಟ್ ಹತ್ತಬೇಕು. ಅಲ್ಲಿ ಕಾರು ನಿಧಾನ, ಗೇರ್ ಕಡಿಮೆ, ಎಂಜಿನ್ ಮಾತ್ರ ಜೋರು. ಎಂಜಿನ್ ಜೋರಾದಷ್ಟೂ ವಿಸ್ಕಸ್ ಫ್ಯಾನ್ ಜೋರು. ಹಾಗಾಗಿ ಘಾಟ್‌ನಲ್ಲಿ ಅದೇ ವಾಸಿ. ಟ್ರಾಫಿಕ್‌ನಲ್ಲಿ ಲೆಕ್ಕ ತಲೆಕೆಳಗು. ಎಂಜಿನ್ ಐಡಲಿಂಗ್‌ನಲ್ಲಿದ್ದರೆ ಫ್ಯಾನೂ ನಿಧಾನ. ಎಲೆಕ್ಟ್ರಿಕ್ ಫ್ಯಾನ್‌ಗೆ ಆ ಹಂಗಿಲ್ಲ, ನಿಂತಲ್ಲೇ ಪೂರ್ತಿ ಗಾಳಿ ಎಳೆಯುತ್ತದೆ.

ಆದರೆ ಅದಕ್ಕೆ ಕರೆಂಟ್ ಬೇಕಲ್ಲ? ದೊಡ್ಡ ಫ್ಯಾನ್ 15-25 ಆಂಪಿಯರ್ ಎಳೆಯುತ್ತದೆ. ಹಳೆಯ ಕಾರುಗಳಲ್ಲಿ ಕಾಣುವ ಲ್ಯೂಕಾಸ್ ಸಿ40 ಡೈನಮೋ ಕೊಡುವುದೇ ಗರಿಷ್ಠ 22 ಆಂಪಿಯರ್, ಐಡಲಿಂಗ್‌ನಲ್ಲಂತೂ ಹೆಚ್ಚುಕಡಿಮೆ ಏನೂ ಇಲ್ಲ. ಅಂದರೆ ಫ್ಯಾನ್ ಬೇಕಾದ ಹೊತ್ತಿಗೇ ಬ್ಯಾಟರಿ ಬರಿದಾಗುತ್ತದೆ. ಆಲ್ಟರ್ನೇಟರ್ ಇಲ್ಲದ ಕಾರಿಗೆ ಎಲೆಕ್ಟ್ರಿಕ್ ಫ್ಯಾನ್ ಬೇಡವೇ ಬೇಡ. ಇದ್ದರೂ ರಿಲೇ, ಫ್ಯೂಸ್, ದಪ್ಪ ವೈರ್, ಥರ್ಮೋಸ್ವಿಚ್ ಕಡ್ಡಾಯ. ಪ್ಲಾಸ್ಟಿಕ್ ಟೈ ತೂರಿಸಿ ರೇಡಿಯೇಟರ್‌ಗೇ ಫ್ಯಾನ್ ಕಟ್ಟುವ ಚಾಳಿ ಅದರ ಪದರಗಳನ್ನೇ ತಿನ್ನುತ್ತದೆ.

ಮೊದಲು ಇದನ್ನು ನೋಡಿ

ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲೂ ಕಾರು ಬಿಸಿಯಾದರೆ ತಪ್ಪು ಫ್ಯಾನಿನದ್ದಲ್ಲ. ಆ ವೇಗದಲ್ಲಿ ಎದುರುಗಾಳಿಯೇ ಸಾಕು. ಕಟ್ಟಿಕೊಂಡ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪ್ ನೋಡಿಸಿ. ನಿಂತಾಗ ಮಾತ್ರ ಬಿಸಿಯಾದರೆ ವಿಸ್ಕಸ್ ಕ್ಲಚ್ ಪರೀಕ್ಷಿಸಿ. ಕಾದ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಿದ್ದರೆ ಸರಿ. ತಡೆಯೇ ಇಲ್ಲದೆ ಸುತ್ತಿದರೆ, ಕ್ಲಚ್ ಮೇಲೆ ಎಣ್ಣೆ-ದೂಳಿನ ಕಪ್ಪು ಗೆರೆ ಕಂಡರೆ ಅದು ಸತ್ತಿದೆ. ಕ್ಲಚ್ ಬದಲಿಸಿದರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ವಿಷಯ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಅದು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ಮಾರ್ಪಾಡು ಸಲ್ಲದು. ಹೀಗಾಗಿ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೂ ಏನನ್ನೂ ಕೊರೆಯದೆ, ಬೋಲ್ಟ್ ಬಿಚ್ಚಿದರೆ ಹಿಂದಿನಂತಾಗುವ ಹಾಗೆ ಕೂರಿಸಲು ಹೇಳಿ. ಬಿಚ್ಚಿದ ಹಳೆಯ ಫ್ಯಾನನ್ನು ಗುಜರಿಗೆ ಹಾಕದೆ ಮನೆಗೆ ತನ್ನಿ.