ಠಕಾರದ ಚುಕ್ಕೆ

ಬೀದರ ಜಿಲ್ಲೆಯ ಠಾಣಾ ಕುಶನೂರಿನ ಹೆಸರು ಆರಂಭವಾಗುವುದು ಕನ್ನಡದಲ್ಲಿ ಅಪರೂಪಕ್ಕೆ ಪದದ ಮೊದಲಿಗೆ ಬರುವ ಅಕ್ಷರದಿಂದ. ನಿಘಂಟಿನಲ್ಲಿ ಠಕಾರಕ್ಕೆ ದಕ್ಕಿರುವ ಪುಟಗಳು ಕೆಲವೇ. ಆದರೂ ಕನ್ನಡದ ಗಂಧವೇ ಇಲ್ಲದ ಹೊರದೇಶದವರಿಗೂ ಈ ಅಕ್ಷರದ ಪರಿಚಯವುಂಟು. ಎರಡು ಠಕಾರಗಳ ನಡುವೆ ಒಂದು ಅಡಿಗೆರೆ ಇಟ್ಟರೆ ಹುಬ್ಬುಗಂಟಿಕ್ಕಿ ದಿಟ್ಟಿಸುವ ಮುಖವಾಗುತ್ತದೆ. ಅಸಮಾಧಾನ ಸೂಚಿಸಲು ಕಂಪ್ಯೂಟರ್ ಬಳಸುವವರು ಜಗತ್ತಿನಾದ್ಯಂತ ಅದನ್ನು ಬಳಸಿದ್ದಾರೆ. ವೃತ್ತ ಕಣ್ಣಾಯಿತು, ಚುಕ್ಕೆ ಪಾಪೆಯಾಯಿತು, ತಲೆಕಟ್ಟು ಹುಬ್ಬಾಯಿತು.

ಇಷ್ಟು ಸರಳವಾದ, ಒಮ್ಮೆ ನೋಡಿದರೆ ಮರೆಯದ ಆಕೃತಿ ಲಾಂಛನಕ್ಕೆ ಹೇಳಿ ಮಾಡಿಸಿದಂತಿದೆ. ಠಾಣಾ ಕುಶನೂರಿನ ಮಹಿಳಾ ಸಂಘವೊಂದು ತೊಗರಿಬೇಳೆಯನ್ನು ಚೀಲದಲ್ಲಿ ತುಂಬಿ ಊರಿನ ಹೆಸರಿನಲ್ಲಿ ಮಾರಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಕಲಾವಿದರಿಗೆ ಕೊಡಲು ಹಣವಿಲ್ಲ, ಹಳೆಯ ಕಂಪ್ಯೂಟರೊಂದಿದೆ. ಅಷ್ಟು ಸಾಕು. ಆದರೆ ಒಂದು ತೊಡಕಿದೆ. ಠಕಾರದ ಚುಕ್ಕೆ ಅಳಿಸಿಹೋದರೆ ಉಳಿಯುವುದು ರಕಾರ. ‘ಠಾಣಾ’ ಎಂಬುದು ‘ರಾಣಾ’ ಆಗಿ, ಊರಿನ ಹೆಸರೇ ಕೆಡುತ್ತದೆ. (ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಠಕಾರ ಬರಿಯ ವೃತ್ತವಾಗಿತ್ತು; ನಡುವೆ ಚುಕ್ಕೆ ಇದ್ದದ್ದು ಥಕಾರಕ್ಕೆ!)

ಇಂಥ ಕೆಲಸಕ್ಕೆ ಒದಗುವ ‘ಗಿಂಪ್’ ಎಂಬ ತಂತ್ರಾಂಶವನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಬರೆಯತೊಡಗಿದರು. ಮರುವರ್ಷವೇ ಅದು ಸಾರ್ವಜನಿಕರ ಕೈಸೇರಿತು. ಅದಕ್ಕೆ ಬೆಲೆಯಿಲ್ಲ, ಬಳಸಲು, ತಿದ್ದಲು, ಹಂಚಲು ಯಾರ ಅಡ್ಡಿಯೂ ಇಲ್ಲ. ಲಿನಕ್ಸ್‌ನ ಗುರುತಾಗಿ ಹೆಸರಾದ ಪೆಂಗ್ವಿನ್ ಹಕ್ಕಿಯನ್ನು 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದದ್ದು ಇದರಲ್ಲಿಯೇ. ಲಾಂಛನದ ಸ್ಪರ್ಧೆಯಲ್ಲಿ ಆ ಹಕ್ಕಿ ಗೆಲ್ಲಲಿಲ್ಲ. ಗೆದ್ದದ್ದು ಯಾವುದೆಂದು ಇಂದು ಬಲ್ಲವರು ವಿರಳ.

ಮೊದಲಿಗೆ ಅಗಲ, ಎತ್ತರ ಎರಡೂ 2000 ಪಿಕ್ಸೆಲ್ ಇರುವ ಬಿಳಿಯ ಹಾಳೆಯೊಂದನ್ನು ತೆರೆಯಬೇಕು. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟುವ ಬಣ್ಣದ ಪುಟ್ಟ ಚೌಕ. ಮುಕ್ತವಾಗಿ ದೊರೆಯುವ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಅಕ್ಷರಶೈಲಿಯಲ್ಲಿ ಠಕಾರವನ್ನು ಹಾಳೆ ತುಂಬುವಷ್ಟು ದೊಡ್ಡದಾಗಿ ಮೂಡಿಸಬೇಕು. ಅದನ್ನು ಹಾಗೆಯೇ ಬಿಡಬಾರದು. ಓದುವ ಪುಸ್ತಕಕ್ಕೆಂದು ರೂಪಿಸಿದ ಅಕ್ಷರದ ಚುಕ್ಕೆ ಲಾಂಛನಕ್ಕೆ ಸಾಲದು. ಅದರ ಅಗಲ 100 ಪಿಕ್ಸೆಲ್ ಇದೆ ಎನ್ನೋಣ. ಇದೇ ಚಿತ್ರವನ್ನು ಮೊಬೈಲಿನ ಮೂಲೆಯಲ್ಲಿ ಕಾಣುವಂತೆ 32 ಪಿಕ್ಸೆಲ್‌ಗೆ ಇಳಿಸಿದಾಗ ಚುಕ್ಕೆಗೆ ಉಳಿಯುವುದು ಒಂದೂವರೆ ಪಿಕ್ಸೆಲ್ಲಿನಷ್ಟು. ಅದು ಬೂದಿಬಣ್ಣದ ಕಲೆಯಾಗಿ ಮಾಸುತ್ತದೆ. 250 ಪಿಕ್ಸೆಲ್ ಮಾಡಿದರೆ ನಾಲ್ಕು ಉಳಿಯುತ್ತವೆ, ಕಣ್ಣಿಗೆ ಹಿಡಿಯುತ್ತವೆ. ಆದ್ದರಿಂದ ಇನ್ನೊಂದು ಪದರದಲ್ಲಿ ದುಂಡಗಿನ ಆಯ್ಕೆ ಮಾಡಿ ಕಪ್ಪು ತುಂಬಿ, ದೊಡ್ಡ ಚುಕ್ಕೆಯನ್ನು ಹಳೆಯದರ ಮೇಲೆ ಕೂರಿಸಬೇಕು. ಚುಕ್ಕೆಗೂ ವೃತ್ತಕ್ಕೂ ನಡುವಿನ ಬಿಳಿಯೂ ಅಷ್ಟೇ ಮುಖ್ಯ. ಅದು ಕಿರಿದಾದರೆ ಶಾಯಿ ಹರಡಿ ಎರಡೂ ಕೂಡಿಕೊಳ್ಳುತ್ತವೆ.

ಬಣ್ಣ, ನೆರಳು, ಹೊಳಪುಗಳ ಆಸೆ ಹುಟ್ಟುವುದು ಈ ಹಂತದಲ್ಲಿ. ತಂತ್ರಾಂಶದಲ್ಲಿ ಅವೆಲ್ಲ ಒಂದು ಗುಂಡಿಯ ದೂರದಲ್ಲಿವೆ, ಕೆಡುವುದೂ ಅದರಿಂದಲೇ. ಬೀದರದ ಬಿದ್ರಿ ಕುಶಲಕರ್ಮಿಗೆ ಇರುವುದು ಎರಡೇ ಬಣ್ಣ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಗೆ ಆತ ಮೊದಲು ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾನೆ, ಗೀರಿದ ಗೆರೆ ಎದ್ದು ಕಾಣಲೆಂದು. ಗೆರೆಯನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಸಂಸ್ಕರಿಸಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಬಿಟ್ಟ ಜಾಗವೂ ಅಲ್ಲಿ ಚಿತ್ರದ ಭಾಗ. ನೆರಳಿನ ನೆರವು ಬೇಡುವ ವಿನ್ಯಾಸಕ್ಕೆ ಅಲ್ಲಿ ಎಡೆಯೇ ಇಲ್ಲ.

ತಿದ್ದಲು ಬರುವ ಮೂಲಪ್ರತಿಯನ್ನು ಗಿಂಪ್‌ನದೇ ಎಕ್ಸ್‌ಸಿಎಫ್ ರೂಪದಲ್ಲಿಯೂ, ಹಿನ್ನೆಲೆಯ ಬಿಳಿ ತೆಗೆದ ಪ್ರತಿಯನ್ನು ಪಿಎನ್‌ಜಿ ರೂಪದಲ್ಲಿಯೂ ಉಳಿಸಿಕೊಳ್ಳಬೇಕು. ಜೆಪೆಗ್ ಬೇಡ, ಅಂಚಿನಲ್ಲಿ ಕೊಳೆ ಕೂರುತ್ತದೆ. ಗೋಡೆಯಷ್ಟು ದೊಡ್ಡ ಫಲಕಕ್ಕಾದರೆ ಪಿಕ್ಸೆಲ್ ಚಿತ್ರ ಸಾಲದು. ಗೆರೆಗಳನ್ನು ಗಣಿತವಾಗಿ ನೆನಪಿಡುವ, 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವೇ ಅದಕ್ಕೆ ತಕ್ಕುದು. ನಿಜ ಹೇಳಬೇಕೆಂದರೆ ಲಾಂಛನದ ಕೆಲಸಕ್ಕೆ ಅದೇ ಮೇಲು. ಗಿಂಪ್ ಕಲಿಯಲು ಸುಲಭ, ಅಷ್ಟೆ.

ನೂರಾರು ಚೀಲಗಳನ್ನು ಅಚ್ಚಿಗೆ ಕಳಿಸುವ ಮೊದಲು ಎರಡು ಸೆಂಟಿಮೀಟರ್ ಅಗಲದ ರಬ್ಬರ್ ಮೊಹರೊಂದನ್ನು ಮಾಡಿಸಿ, ಗೋಣಿಬಟ್ಟೆಯ ಮೇಲೆ ಒತ್ತಿ ನೋಡಬೇಕು. ಹಳೆಯ ಚುಕ್ಕೆ ಅಲ್ಲಿ ಒಂದು ಮಿಲಿಮೀಟರ್. ನೂಲುಗಳ ಸಂದಿಯಲ್ಲಿ ಅದು ಬಿದ್ದೇಹೋಗಬಹುದು. ಒತ್ತಿದ ಬಟ್ಟೆಯನ್ನು ಊರಿನ ಪರಿಚಯವಿಲ್ಲದ ಯಾರಿಗಾದರೂ ತೋರಿಸಿ ಯಾವ ಅಕ್ಷರವೆಂದು ಕೇಳಬೇಕು. ‘ರ’ ಎಂದರೆ ಚುಕ್ಕೆಗೆ ಮತ್ತೆ ಕೈಹಾಕಬೇಕು.